ಬಿಸಿಯಾದ ಮೇಲೆ ಆಫ್ ಆಗುವ ಅಂಬಾಸಿಡರ್: ಕರೆಂಟಾ, ಪೆಟ್ರೋಲಾ?

ಬಟವಾಡಿ ಮಾರ್ಕ್ 2 (ತುಮಕೂರು)

ನಮಸ್ಕಾರ ಎಲ್ಲರಿಗೂ. ದೊಡ್ಡಪ್ಪನ ಕಾಲದ ಅಂಬಾಸಿಡರ್ ಮಾರ್ಕ್ 2 ಈಗ ನನ್ನ ಪಾಲಿಗೆ ಬಂದಿದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಎಸ್‌ಯು ಕಂಪನಿಯ ಕಾರ್ಬುರೇಟರ್, ಬಾನೆಟ್ ಒಳಗೆ ಟಿಕ್ ಟಿಕ್ ಅನ್ನುವ ಎಸ್‌ಯು ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಹಳೇ ರೀತಿಯದ್ದೇ. ಪಾಯಿಂಟ್, ಕಂಡೆನ್ಸರ್, ಕಾಯಿಲ್.

ತೊಂದರೆ ಇಷ್ಟು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಅಷ್ಟೋ ಇಷ್ಟೋ ಓಡಾಡಿದರೆ ಏನೂ ಇಲ್ಲ. ಶಿರಾ ಕಡೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿದರೆ, ಇಲ್ಲವೇ ದೇವರಾಯನದುರ್ಗದ ಏರು ಹತ್ತಿಸಿದರೆ, ಗಾಡಿ ಆಫ್. ಪಕ್ಕಕ್ಕೆ ತಳ್ಳಿ, ಬಾನೆಟ್ ತೆಗೆದು, ಸುಮಾರು 20 ನಿಮಿಷ ಸುಮ್ನೆ ನಿಂತರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸಿ ಬಂದರೂ ಇದೇ ಗೋಳು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತದೆ.

ರೇಡಿಯೇಟರ್ ಕುದಿಯುತ್ತಿಲ್ಲ. ನೀರು ಕಡಿಮೆಯಾಗುತ್ತಿಲ್ಲ. ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇರುತ್ತದೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಫಿಲ್ಟರ್ ಎಲ್ಲ ಹೊಸದು ಹಾಕಿಸಿದ್ದೇನೆ. ಕಾರ್ಬುರೇಟರ್ ಬಿಚ್ಚಿ ತೊಳೆದಾಯಿತು. ಒಬ್ಬ ಮೆಕ್ಯಾನಿಕ್ ಕಾಯಿಲ್ ಅಂದರು, ಇನ್ನೊಬ್ಬರು ಪಂಪ್ ಅಂದರು, ಮತ್ತೊಬ್ಬರು "ಈಗಿನ ಪೆಟ್ರೋಲೇ ಸರಿ ಇಲ್ಲ, ಮಾರಿಬಿಡಿ" ಅಂದರು. ಮಾರುವ ಮಾತೆತ್ತಿದರೆ ದೊಡ್ಡಮ್ಮ ನನ್ನನ್ನೇ ಮನೆಯಿಂದ ಆಚೆ ಹಾಕುತ್ತಾರೆ. ಎಲ್ಲಿಂದ ಶುರು ಮಾಡಲಿ?

ತಟ್ಟೆ ಇಡ್ಲಿ ಫ್ಯಾನ್ (ಕ್ಯಾತಸಂದ್ರ)

ಅಣ್ಣ, ಇದು ಪಕ್ಕಾ ಏರ್ ಲಾಕ್, ಬಿಸಿಗೆ ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟಿಕೊಳ್ಳುವುದು. ನಮ್ಮ ತಾತ ಟ್ಯಾಕ್ಸಿ ಓಡಿಸುವಾಗ ಬೇಸಿಗೆ ಪೂರ್ತಿ ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದರಂತೆ. ಒಂದು ಗೋಣಿ ತುಂಡು, ಒಂದು ಬಾಟಲ್ ನೀರು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಮುಗೀತು.

ಗೌರಿಬಿದನೂರು ಪದ್ಮಿನಿ

ನಾನೂ ಪೆಟ್ರೋಲ್ ಪಾರ್ಟಿ. 2023ರ ಫೆಬ್ರವರಿ 6ರಂದು ಪ್ರಧಾನಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ಅದೇ ದಿನ ನಿಮ್ಮ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯೂ ಆಗಿದ್ದರಿಂದ ತುಮಕೂರಿನವರಿಗೆ ದಿನ ನೆನಪಿರುತ್ತದೆ. ಇ20 ಅಂದರೆ ನೂರಕ್ಕೆ 20 ಭಾಗ ಎಥನಾಲ್. ನಮ್ಮ ಗಾಡಿಗಳ ರಬ್ಬರ್ ಅದನ್ನು ತಾಳುವಂತೆ ಮಾಡಿದ್ದಲ್ಲ.

ನನ್ನ ಪದ್ಮಿನಿ ಕಾರಿನಲ್ಲಿ ಪೆಟ್ರೋಲ್ ಹೋಸ್ ಹೊರಗಿನಿಂದ ಗಟ್ಟಿಯಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಒಳಗಿನ ಪದರ ಮೆತ್ತಗಾಗಿ ಸುಲಿದು ಬರುತ್ತಿತ್ತು. ಬೆರಳಿಟ್ಟರೆ ಕಪ್ಪು ಅಂಟು. ಫಿಲ್ಟರ್ ಬಿಳಿ ಬಟ್ಟೆ ಮೇಲೆ ತಟ್ಟಿದಾಗ ಅದೇ ಕಪ್ಪು ಚೂರು ಬಿತ್ತು. ಅಲ್ಲದೆ ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ ಕಡಿಮೆ ಬಿಸಿಗೇ ಆವಿಯಾಗುವ ಭಾಗ ಜಾಸ್ತಿ. ಎಥನಾಲ್ ಕುದಿಯುವುದು 78 ಡಿಗ್ರಿಗೆ, ಆದರೆ ಪೆಟ್ರೋಲ್ ಜೊತೆ ಸೇರಿದಾಗ ಎರಡೂ ಒಂದನ್ನೊಂದು ಎಳೆದುಕೊಂಡು ಅದಕ್ಕೂ ಮೊದಲೇ ಹಾರುತ್ತವೆ. ನಿಮ್ಮದು ಇದೇ ಇರಬೇಕು.

ಕೆಜಿಎಫ್ ಫಿಟ್ಟರ್ (ಕೋಲಾರ)

ಮೊದಲು ಒದ್ದೆ ಬಟ್ಟೆಯ ವಿಷಯ. ಬಟ್ಟೆ ಹುಡುಕಿ, ನೀರು ಹೊಯ್ದು, ಸುತ್ತಿ ಕಾಯುವಷ್ಟರಲ್ಲಿ 20 ನಿಮಿಷ ಹೋಗಿರುತ್ತದೆ. ಈ ಗಾಡಿ ಹೇಗೂ 20 ನಿಮಿಷಕ್ಕೆ ಸ್ಟಾರ್ಟ್ ಆಗುತ್ತದೆ. ಹಾಗಾದರೆ ಗುಣ ಕಂಡದ್ದು ಬಟ್ಟೆಯಿಂದಲೋ, ಕಾದದ್ದರಿಂದಲೋ? ಅಷ್ಟು ಹೊತ್ತಿಗೆ ಪಂಪ್ ತಣ್ಣಗಾಗಿದೆ, ಕಾಯಿಲ್ ತಣ್ಣಗಾಗಿದೆ, ಕಂಡೆನ್ಸರ್ ತಣ್ಣಗಾಗಿದೆ, ಕಾರ್ಬುರೇಟರ್ ತಣ್ಣಗಾಗಿದೆ. ತಣ್ಣಗಾದ ಮೇಲೆ ಎಲ್ಲವೂ ಸಾಚಾ. ಆಮೇಲೆ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದರೆ ಪಾಪ, ಮೆಕ್ಯಾನಿಕ್ ಊಹೆ ಮಾಡದೆ ಇನ್ನೇನು ಮಾಡುತ್ತಾನೆ?

ಎರಡನೆಯದು. ನೀವು ಎರಡು ಕಾಯಿಲೆಗೆ ಒಂದೇ ಔಷಧಿ ಚೀಟಿ ಬರೆಸಲು ಹೊರಟಿದ್ದೀರಿ. ಓಡುತ್ತಾ ಓಡುತ್ತಾ ಆಫ್ ಆಗುವುದು ಒಂದು. ಚೆನ್ನಾಗಿ ಓಡಿ ಬಂದ ಗಾಡಿಯನ್ನು ನೀವೇ ಆಫ್ ಮಾಡಿ, ಇಡ್ಲಿ ತಿಂದು ಬಂದ ಮೇಲೆ ಸ್ಟಾರ್ಟ್ ಆಗದಿರುವುದು ಇನ್ನೊಂದು. ಎರಡಕ್ಕೂ ಒಂದೇ ಕಾರಣ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಸದ್ಯಕ್ಕೆ ಇಡ್ಲಿ ಪಕ್ಕಕ್ಕಿಡಿ. ಓಡುವಾಗ ಆಫ್ ಆಗುವುದನ್ನು ಮಾತ್ರ ಹೇಳಿ.

ಆಫ್ ಆಗುವುದು ಹೇಗೆ? ಸ್ವಿಚ್ ತೆಗೆದ ಹಾಗೆ ಟಪ್ ಅಂತ ಹೋಗುತ್ತದಾ? ಅಥವಾ ಪಿಕಪ್ ಸತ್ತು, ಜರ್ಕ್ ಹೊಡೆದು, ಆಕ್ಸಿಲರೇಟರ್ ಒತ್ತಿದರೂ ಮೇಲೇಳದೆ ನಿಧಾನಕ್ಕೆ ಆರುತ್ತದಾ? ಮೊದಲನೆಯದಾದರೆ ನನ್ನ ಕೈ ಕರೆಂಟ್ ಕಡೆ ಹೋಗುತ್ತದೆ. ಎರಡನೆಯದಾದರೆ ಪೆಟ್ರೋಲ್ ಕಡೆ. ಕಪ್ಪು ಹೊಗೆ ಬಿಟ್ಟು, ಪೆಟ್ರೋಲ್ ವಾಸನೆ ಹೊಡೆದು ಉಸಿರುಗಟ್ಟಿದರೆ ಓವರ್‌ಫ್ಲೋ, ಅಂದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ.

ಆಫ್ ಆದ ತಕ್ಷಣ ಇಗ್ನಿಷನ್ ಹಾಕಿ ಪಂಪ್ ಕೇಳಿಸಿಕೊಳ್ಳಿ. ಎಸ್‌ಯು ಪಂಪ್ ಇರುವವರಿಗೆ ಇದೊಂದು ವರ. ಒಂದೆರಡು ಟಿಕ್ ಹೊಡೆದು ಸುಮ್ಮನಾದರೆ ಫ್ಲೋಟ್ ಚೇಂಬರ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಸಣ್ಣ ಬಟ್ಟಲು) ತುಂಬಿದೆ, ಪೆಟ್ರೋಲ್‌ಗೆ ಕೊರತೆ ಇಲ್ಲ. ನಿಲ್ಲದೆ ಪಟಪಟ ಹೊಡೆಯುತ್ತಿದ್ದರೆ ಗಾಳಿಯನ್ನೋ ಆವಿಯನ್ನೋ ಎಳೆಯುತ್ತಿದೆ. ಸದ್ದೇ ಇಲ್ಲ ಅಂದರೆ ಅದರೊಳಗಿನ ಪಾಯಿಂಟ್ ಅಂಟಿರಬಹುದು. ಮೆಲ್ಲಗೆ ತಟ್ಟಿ ನೋಡಿ.

ಟ್ಯಾಂಕ್ ಮುಚ್ಚಳವನ್ನೂ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆಳೆದರೆ ಮುಚ್ಚಳದ ತೂತು ಕಟ್ಟಿದೆ. ಅದಕ್ಕೂ ಬಿಸಿಗೂ ಸಂಬಂಧವಿಲ್ಲ, ಆದರೆ ಅರ್ಧ ಗಂಟೆ ಓಡಿದ ಮೇಲೆ ನಿಲ್ಲುವುದರಿಂದ ಬಿಸಿಯ ಕಾಯಿಲೆ ಅಂತಲೇ ಎಲ್ಲರೂ ನಂಬುತ್ತಾರೆ.

ಬಟವಾಡಿ ಮಾರ್ಕ್ 2 (ತುಮಕೂರು)

ಸಾರ್, ಟಪ್ ಅಂತಲೇ ಹೋಗುವುದು. ಹೈವೇಯಲ್ಲಿ 60ರ ಸ್ಪೀಡಿನಲ್ಲಿದ್ದಾಗ ಒಂದೆರಡು ಸಲ ಮಿಸ್ ಹೊಡೆಯುತ್ತದೆ, ಸೈಲೆನ್ಸರ್‌ನಲ್ಲಿ ಒಂದು "ಢಬ್", ಆಮೇಲೆ ನಿಶ್ಶಬ್ದ. ಕಪ್ಪು ಹೊಗೆ ಇಲ್ಲ. ಟ್ಯಾಂಕ್ ಮುಚ್ಚಳ ಸರಿ ಇದೆ, ಸದ್ದು ಬರಲಿಲ್ಲ. ಪಂಪ್ ಸದ್ದಿನ ಮೇಲೆ ನಿಗಾ ಇಟ್ಟಿರಲಿಲ್ಲ, ಮುಂದಿನ ಸಲ ನೋಡುತ್ತೇನೆ.

ಮಧುಗಿರಿ ಗ್ಯಾರೇಜ್

ಟ್ಯಾಪೆಟ್, ಅಂದರೆ ವಾಲ್ವ್ ಸಂದಿ, ನೋಡಿಸಿದ್ದೀರಾ? ಟೈಟ್ ಇದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಹೋಗುತ್ತದೆ. ನಮ್ಮ ಕಡೆ ಇಂಥ ಗಾಡಿ ಬಹಳ ಬಂದಿವೆ.

ಕೆಜಿಎಫ್ ಫಿಟ್ಟರ್ (ಕೋಲಾರ)

ಟ್ಯಾಪೆಟ್ ನೋಡಿಸುವುದು ಒಳ್ಳೆಯದೇ. ಆದರೆ ಆ ಕಾಯಿಲೆ ಸಿಗ್ನಲ್‌ನಲ್ಲಿ ನಿಂತಾಗ, ಐಡ್ಲಿಂಗ್‌ನಲ್ಲಿ ಕಾಣಿಸುತ್ತದೆ. 60ರಲ್ಲಿ ಓಡುವ ಎಂಜಿನ್ ಟ್ಯಾಪೆಟ್‌ಗೋಸ್ಕರ ಟಪ್ ಅಂತ ಸಾಯುವುದಿಲ್ಲ. ಸೈಲೆನ್ಸರ್‌ನಲ್ಲಿ ಢಬ್ ಅಂದಿತಲ್ಲ, ಅದು ಮುಖ್ಯ. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಹೊರಗೆ ಹೋಗಿ ಅಲ್ಲಿ ಹೊತ್ತಿಕೊಂಡಿದೆ. ಅಂದರೆ ಪೆಟ್ರೋಲ್ ಬರುತ್ತಿತ್ತು, ಕಿಡಿ ಕೈಕೊಟ್ಟಿತು. ಕರೆಂಟ್ ವಿಷಯ ಮೇಷ್ಟ್ರು ಹೇಳಲಿ.

ವೋಲ್ಟ್‌ಮೀಟರ್ ಮೇಷ್ಟ್ರು

ಕರೆದರಲ್ಲ, ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪಾಯಿಂಟ್ ಕೂಡಿದ್ದಾಗ ಕಾಯಿಲ್‌ನ ಮೊದಲ ಸುತ್ತಿನಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಪಾಯಿಂಟ್ ಬಿಟ್ಟ ಕೂಡಲೇ ಅದು ಥಟ್ಟನೆ ನಿಲ್ಲಬೇಕು. ಎಷ್ಟು ಬೇಗ ನಿಲ್ಲುತ್ತದೋ ಅಷ್ಟು ಜೋರಾದ ಕಿಡಿ ಪ್ಲಗ್‌ಗೆ. ಆದರೆ ಕಾಯಿಲ್‌ನ ಕರೆಂಟ್ ಅಷ್ಟು ಸುಲಭವಾಗಿ ನಿಲ್ಲುವ ಜಾತಿಯಲ್ಲ, ಪಾಯಿಂಟ್ ಸಂದಿಯಲ್ಲೇ ಹಾರಿ ಹೋಗಲು ನೋಡುತ್ತದೆ. ಆ ಗಳಿಗೆಯಲ್ಲಿ ಅದನ್ನು ಹೀರಿಕೊಳ್ಳುವುದು ಕಂಡೆನ್ಸರ್. ಕಂಡೆನ್ಸರ್ ಕೈಕೊಟ್ಟರೆ ಕಿಡಿ ಪ್ಲಗ್‌ನಲ್ಲಿ ಬರುವ ಬದಲು ಪಾಯಿಂಟ್‌ನಲ್ಲೇ ಬರುತ್ತದೆ.

ಕಂಡೆನ್ಸರ್ ಒಳಗೆ ತೆಳ್ಳಗಿನ ಲೋಹದ ಹಾಳೆ ಮತ್ತು ಅದನ್ನು ಬೇರ್ಪಡಿಸುವ ಪದರ ಸುತ್ತಿಟ್ಟಿರುತ್ತಾರೆ. ನಿಮ್ಮ ಗಾಡಿಯಲ್ಲಿ ಅದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೇ, ಪಾಯಿಂಟ್ ಪಕ್ಕದಲ್ಲಿ, ಕ್ಯಾಪ್ ಕೆಳಗೆ ಕೂತಿದೆ. ಎಂಜಿನ್ ಕಾದ ಹಾಗೆ ಅದೂ ಕಾಯುತ್ತದೆ. ಒಳಗಿನ ಬೆಸುಗೆ ಸಡಿಲ ಇದ್ದರೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ಪದರ ದುರ್ಬಲವಾಗಿದ್ದರೆ ಸೋರುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಾಯಿಲ್‌ನದ್ದೂ ಇದೇ ಕಥೆ. ಅದಕ್ಕೇ ತಣ್ಣಗಿರುವಾಗ ಮೀಟರ್ ಹಿಡಿದರೆ ಎರಡೂ ಪಾಸ್.

ಒಂದು ಸಣ್ಣ 12 ವೋಲ್ಟ್ ಬಲ್ಬ್‌ಗೆ ಎರಡು ವೈರ್, ಎರಡು ಕ್ಲಿಪ್ ಹಾಕಿ ಡಿಕ್ಕಿಯಲ್ಲಿಡಿ. ಗಾಡಿ ಆಫ್ ಆದ ತಕ್ಷಣ ಒಂದು ಕ್ಲಿಪ್ಪನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ ಹಾಕಿ, ಇನ್ನೊಂದನ್ನು ಎಂಜಿನ್ ಬಾಡಿಗೆ. ಜೊತೆಗಿರುವವರು ಸೆಲ್ಫ್ ಹೊಡೆಯಲಿ. ಬಲ್ಬ್ ಮಿಣುಕ್ ಮಿಣುಕ್ ಅಂದರೆ ಪಾಯಿಂಟ್ ಬಿಟ್ಟು ಕೂಡುತ್ತಿದೆ, ಅಲ್ಲಿಯವರೆಗೆ ಲೈನ್ ಸರಿ. ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಅಥವಾ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರ್ ತುಂಡಾಗಿದೆ. ಆ ವೈರ್ ಮೋಸಗಾರ. ಮೇಲಿನ ಬಟ್ಟೆ ಚೆನ್ನಾಗಿರುತ್ತದೆ, ಒಳಗಿನ ಎಳೆ ಮುರಿದಿರುತ್ತದೆ. ಬಲ್ಬ್ ಉರಿಯದೇ ಇದ್ದರೆ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿದೆ, ಕಂಡೆನ್ಸರ್ ಶಾರ್ಟ್ ಆದರೂ ಹೀಗೇ, ಇಲ್ಲವೇ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ.

ಬಲ್ಬ್ ಮಿಣುಕುತ್ತಿದೆ, ಆದರೂ ಪ್ಲಗ್ ವೈರಿನಲ್ಲಿ ಕಿಡಿ ಸಣ್ಣಗೆ ಹಳದಿಯಾಗಿದೆ ಅಂದರೆ ಕಂಡೆನ್ಸರ್ ಅಥವಾ ಕಾಯಿಲ್. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಇಗ್ನಿಷನ್ ಹಾಕಿ, ಕೂಡಿರುವ ಪಾಯಿಂಟನ್ನು ಸಣ್ಣ ಮರದ ಕಡ್ಡಿಯಿಂದ ಬಿಡಿಸಿ. ಸಂದಿಯಲ್ಲಿ ನೀಲಿ ಕಿಡಿ ದಪ್ಪಗೆ ಚಟ್ ಅಂದರೆ ಕಂಡೆನ್ಸರ್ ಮೇಲೇ ಅನುಮಾನ.

ಕೊನೆಗೆ ಸಾಕ್ಷಿ ಬೇಕಲ್ವಾ? ಒಳ್ಳೆಯದು ಅಂತ ಗೊತ್ತಿರುವ ಒಂದು ಕಂಡೆನ್ಸರ್ ಇಟ್ಟುಕೊಳ್ಳಿ. ಒಳಗಿನದರ ವೈರ್ ಬಿಚ್ಚಿ. ಹೊರಗಿನದರ ಮೈ ಎಂಜಿನ್ ಬಾಡಿಗೆ, ವೈರ್ ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೆ. ಕರೆಂಟ್ ಲೆಕ್ಕದಲ್ಲಿ ಎರಡೂ ಒಂದೇ ಜಾಗ. ಒಳಗಿನದನ್ನು ಬಿಚ್ಚದೆ ಹೊರಗಿನದನ್ನು ಸೇರಿಸಿದರೆ ಪರೀಕ್ಷೆ ಅರ್ಧ ಮಾತ್ರ. ಒಳಗಿನದು ಸೋರುತ್ತಿದ್ದರೆ ಹೊರಗಿನದು ಏನೂ ಮಾಡಲಾರದು. ಗಾಡಿ ಇನ್ನೂ ಸುಡುತ್ತಿರುವಾಗಲೇ ಸ್ಟಾರ್ಟ್ ಆಯಿತು ಅಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಒಂದು ಎಚ್ಚರ. ಕಿಡಿ ನೋಡುವಾಗ ಪೆಟ್ರೋಲ್ ಪೈಪ್ ಬಿಚ್ಚಿರಬಾರದು. ಪೆಟ್ರೋಲ್ ಪರೀಕ್ಷೆ ಬೇರೆ, ಕಿಡಿ ಪರೀಕ್ಷೆ ಬೇರೆ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಕಾದ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಗಾಡಿ ಹುಷಾರಾಗುವುದಲ್ಲ, ಸುಟ್ಟೇ ಹೋಗುತ್ತದೆ.

ಬಟವಾಡಿ ಮಾರ್ಕ್ 2 (ತುಮಕೂರು)

ಮೇಷ್ಟ್ರೇ, ಕಂಡೆನ್ಸರ್ ಹೊಸದು ಹಾಕಿಸಿದ್ದೇನಲ್ಲ? ಅದನ್ನು ಅನುಮಾನದ ಪಟ್ಟಿಯಿಂದ ತೆಗೆಯಬಹುದು ಅಲ್ವಾ?

ಮಧುಗಿರಿ ಗ್ಯಾರೇಜ್

ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಯಾರು ಹೇಳಿದರು? ಈಗ ಈ ಗಾಡಿಗಳಿಗೆ ಸಿಗುವ ಕಂಡೆನ್ಸರ್‌ಗಳಲ್ಲಿ ಹೆಸರೂ ಇಲ್ಲದ ಪಾಕೆಟ್ ಮಾಲು ಜಾಸ್ತಿ. ನಾನಂತೂ ಚೆನ್ನಾಗಿ ಓಡುತ್ತಿರುವ ಹಳೇ ಕಂಡೆನ್ಸರ್ ಬಿಚ್ಚುವುದೇ ಇಲ್ಲ. ಪಾಯಿಂಟ್ ಬದಲಿಸುವಾಗ ಕಂಡೆನ್ಸರನ್ನೂ ಬದಲಿಸಬೇಕು ಅನ್ನುವುದು ಒಳ್ಳೆಯ ಮಾಲು ಸಿಗುತ್ತಿದ್ದ ಕಾಲದ ನಿಯಮ. ಹಳೆಯದು ಎಲ್ಲಿಟ್ಟಿದ್ದೀರಿ? ಎಸೆದಿಲ್ಲ ತಾನೇ?

ಹೊಸ ಪಾಯಿಂಟ್ ಹಾಕುವಾಗ, ತಿರುಗುತ್ತಾ ಪಾಯಿಂಟ್ ಬಿಡಿಸುವ ಕ್ಯಾಮ್‌ಗೆ ಚೂರು ಗ್ರೀಸ್ ಸವರಿದ್ದಾರಾ ಅದನ್ನೂ ನೋಡಿ. ಒಣಗಿದ್ದರೆ ಪಾಯಿಂಟ್‌ನ ಹಿಮ್ಮಡಿ ಬೇಗ ಸವೆದು ಗ್ಯಾಪ್ ಮುಚ್ಚುತ್ತಾ ಹೋಗುತ್ತದೆ. ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗೆ 0.35ರಿಂದ 0.40 ಮಿಲಿಮೀಟರ್. ಫೀಲರ್ ಗೇಜ್ ಹಿಡಿದೇ ನೋಡಬೇಕು, ಕಣ್ಣಂದಾಜು ನಡೆಯುವುದಿಲ್ಲ.

ಗೌರಿಬಿದನೂರು ಪದ್ಮಿನಿ

ಇಷ್ಟೆಲ್ಲ ಯಾಕೆ? ಪಾಯಿಂಟ್, ಕಂಡೆನ್ಸರ್ ಎರಡನ್ನೂ ಕಿತ್ತೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿ. ನಾನು ಹಾಕಿದ ಮೇಲೆ ಅತ್ತ ತಿರುಗಿಯೂ ನೋಡಿಲ್ಲ.

ವೋಲ್ಟ್‌ಮೀಟರ್ ಮೇಷ್ಟ್ರು

ಹಾಕಬಹುದು, ತಪ್ಪೇನಿಲ್ಲ. ಆದರೆ ಕಾಯಿಲೆ ಏನು ಅಂತ ಗೊತ್ತಾಗುವ ಮೊದಲು ಹಾಕಬೇಡಿ. ಕಾಯಿಲ್ ಕೆಟ್ಟಿದ್ದರೆ ಕಿಟ್ ಹಾಕಿದರೂ ಅದೇ ಹಾಡು. ಆ ಕಾಲದ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಗಾಡಿಯ ಬಾಡಿಗೆ ಜೋಡಿಸಿರುವುದುಂಟು. ಅದನ್ನು ನೋಡದೆ ನೆಗೆಟಿವ್ ಅರ್ತ್ ಕಿಟ್ ಜೋಡಿಸಿದರೆ ಸ್ವಿಚ್ ಹಾಕಿದ ಕ್ಷಣಕ್ಕೆ ದುಡ್ಡು ಹೊಗೆ. ಪಾಯಿಂಟ್ ಕೆಟ್ಟರೆ ರಸ್ತೆ ಬದಿಯಲ್ಲಿ ಉಪ್ಪು ಕಾಗದ ಉಜ್ಜಿ ಮನೆ ಸೇರಬಹುದು, ಕಿಟ್ ಕೆಟ್ಟರೆ ಲಾರಿಗೆ ಕಟ್ಟಿಕೊಂಡೇ ಬರಬೇಕು. ಅದು ನನ್ನ ಲೆಕ್ಕ, ನಿಮ್ಮ ಲೆಕ್ಕ ಬೇರೆ ಇರಬಹುದು.

ಕಾಯಿಲ್ ಮಾತು ಬಂತಲ್ಲ. ಕಾಯಿಲ್ ಮೇಲೆ ಏನು ಬರೆದಿದೆ ನೋಡಿ. ಈ ಗಾಡಿಗೆ ಬೇಕಾದದ್ದು ನೇರವಾಗಿ 12 ವೋಲ್ಟ್‌ಗೆ ಕೂರುವ ಕಾಯಿಲ್, ಮೊದಲ ಸುತ್ತಿನ ರೆಸಿಸ್ಟೆನ್ಸ್ ಸುಮಾರು 3 ಓಮ್. ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ಹೊರಗಿನ ರೆಸಿಸ್ಟರ್) ಜೊತೆ ಹಾಕಬೇಕಾದ 1.5 ಓಮ್ ಕಾಯಿಲನ್ನು ಯಾರಾದರೂ ಸೀದಾ ಹಾಕಿದ್ದರೆ ಅದು ವಿಪರೀತ ಕಾಯುತ್ತದೆ, ಪಾಯಿಂಟನ್ನೂ ಸುಡುತ್ತದೆ.

ತಟ್ಟೆ ಇಡ್ಲಿ ಫ್ಯಾನ್ (ಕ್ಯಾತಸಂದ್ರ)

ಬೇಗ ದೇವರಾಯನದುರ್ಗಕ್ಕೆ ಹೋಗಿ ಬನ್ನಿ ಅಣ್ಣ, ಸಸ್ಪೆನ್ಸ್ ತಡೆಯಲು ಆಗುತ್ತಿಲ್ಲ. ನನ್ನ ಒದ್ದೆ ಬಟ್ಟೆ ಇನ್ನೂ ಸೋತಿಲ್ಲ!

ಬಟವಾಡಿ ಮಾರ್ಕ್ 2 (ತುಮಕೂರು)

ಹೋಗಿ ಬಂದೆ. ತಮ್ಮನನ್ನು ಸೆಲ್ಫ್ ಹೊಡೆಯಲು ಕೂರಿಸಿಕೊಂಡಿದ್ದೆ. ಹೊರಡುವ ಮೊದಲು ಕಾಯಿಲ್‌ಗೆ ಮೀಟರ್ ಹಿಡಿದೆ, 3.1 ಓಮ್. ಪಾಯಿಂಟ್ ಗ್ಯಾಪ್ ಸರಿ ಇತ್ತು. ಹಳೇ ಕಂಡೆನ್ಸರ್ ದೊಡ್ಡಪ್ಪನ ಟೂಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಹಾಗೇ ಸಿಕ್ಕಿತು. ಅವರು ಏನನ್ನೂ ಎಸೆಯುತ್ತಿರಲಿಲ್ಲ, ದೇವರಾಣೆ.

ನಾಮದ ಚಿಲುಮೆ ದಾಟಿ ಏರು ಶುರುವಾದ ಮೇಲೆ ಎಂದಿನಂತೆ ಮಿಸ್, ಢಬ್, ಆಫ್. ಬೇಕೆಂದೇ ಸೆಕೆಂಡ್ ಗೇರಿನಲ್ಲಿ ಎಳೆಸಿದ್ದೆ. ಈ ಗಾಡಿ ಕೆಟ್ಟು ನಿಂತಾಗ ಖುಷಿಯಾದದ್ದು ಅದೇ ಮೊದಲು.

ಇಗ್ನಿಷನ್ ಹಾಕಿದೆ. ಪಂಪ್ ಟಿಕ್, ಟಿಕ್, ನಿಂತಿತು. ಚೇಂಬರ್ ತುಂಬಿದೆ. ಬಲ್ಬ್ ಕ್ಲಿಪ್ ಹಾಕಿ ತಮ್ಮ ಸೆಲ್ಫ್ ಹೊಡೆದ. ಮಿಣುಕಿತು. ಒಂದು ಪ್ಲಗ್ ವೈರ್ ತೆಗೆದು, ಬೇರೆ ಪ್ಲಗ್ ಸಿಕ್ಕಿಸಿ ಬಾಡಿಗೆ ಒತ್ತಿ ಹಿಡಿದು ನೋಡಿದರೆ ಕಿಡಿ ದಾರದಷ್ಟು, ಹಳದಿ, ಒಮ್ಮೆ ಇದೆ ಒಮ್ಮೆ ಇಲ್ಲ. ಕ್ಯಾಪ್ ತೆಗೆದು ಐಸ್‌ಕ್ರೀಂ ಕಡ್ಡಿಯಿಂದ ಪಾಯಿಂಟ್ ಬಿಡಿಸಿದೆ. ಮರದ ನೆರಳಿನಲ್ಲಿ ನಿಂತಿದ್ದರಿಂದ ಚೆನ್ನಾಗಿ ಕಂಡಿತು. ಸಂದಿಯಲ್ಲಿ ದಪ್ಪ ನೀಲಿ ಕಿಡಿ, ಜೊತೆಗೆ ಚಟ್ ಚಟ್ ಸದ್ದು. ಹೊಸ ಪಾಯಿಂಟ್‌ನ ಮುಖ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು.

ಒಳಗಿನ ಕಂಡೆನ್ಸರ್ ವೈರ್ ಬಿಚ್ಚಿ, ಹಳೆಯದನ್ನು ಹೊರಗೆ ಕ್ಲಿಪ್ ಹಾಕಿದೆ. ಆಫ್ ಆಗಿ ಇನ್ನೂ ಐದಾರು ನಿಮಿಷ ಆಗಿತ್ತಷ್ಟೇ, ಬಾನೆಟ್ ಮುಟ್ಟಲು ಆಗುತ್ತಿರಲಿಲ್ಲ. ಒಂದೇ ಸೆಲ್ಫ್. ಅಲ್ಲಿಂದ ಬೆಟ್ಟದ ಮೇಲಿನವರೆಗೆ ಒಂದು ಮಿಸ್ ಕೂಡ ಇಲ್ಲ.

ಆದರೆ ಕಥೆ ಮುಗಿದಿಲ್ಲ. ಯೋಗನರಸಿಂಹನ ದರ್ಶನ ಮುಗಿಸಿ ಸ್ವಲ್ಪ ಹೊತ್ತಿಗೆ ಬಂದರೆ ಸ್ಟಾರ್ಟ್ ಆಗಲಿಲ್ಲ! ಸೆಲ್ಫ್ ಹೊಡೆದರೆ ಗರಗರ ಅಷ್ಟೇ. ಈ ಸಲ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು.

ಕೆಜಿಎಫ್ ಫಿಟ್ಟರ್ (ಕೋಲಾರ)

ಶಭಾಷ್. ಮೊದಲನೆಯ ಕಾಯಿಲೆ ಸಾಕ್ಷಿ ಸಮೇತ ಸಿಕ್ಕಿತು. ಈಗ ಇಡ್ಲಿ ಕಾಯಿಲೆ.

ಗಾಡಿ ಓಡುವಾಗ ಫ್ಯಾನ್ ಗಾಳಿ ಬೀಸುತ್ತಿರುತ್ತದೆ, ನೀರು ಸುತ್ತುತ್ತಿರುತ್ತದೆ, ಟ್ಯಾಂಕ್‌ನಿಂದ ತಣ್ಣನೆಯ ಪೆಟ್ರೋಲ್ ಬರುತ್ತಿರುತ್ತದೆ. ನೀವು ಆಫ್ ಮಾಡಿದ ಕೂಡಲೇ ಮೂರೂ ನಿಂತವು. ಎಕ್ಸಾಸ್ಟ್‌ನ ಬಿಸಿ ಮಾತ್ರ ಎಲ್ಲೂ ಹೋಗಿಲ್ಲ, ಮೇಲಕ್ಕೇಳುತ್ತದೆ. ಮೇಲೆ ಕೂತಿರುವುದು ಕಾರ್ಬುರೇಟರ್. ಅದಕ್ಕೇ ನಿಲ್ಲಿಸಿದ ಹತ್ತು ಹದಿನೈದು ನಿಮಿಷದ ಮೇಲೆ ಕಾರ್ಬುರೇಟರ್ ಓಡುವಾಗ ಇದ್ದದ್ದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಚೇಂಬರ್‌ನಲ್ಲಿ ಪೆಟ್ರೋಲ್ ಕುದಿದು ಜೆಟ್ ಮೂಲಕ ಉಕ್ಕಿ, ಎಂಜಿನ್‌ಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಗೆ ಇಳಿಯುತ್ತದೆ. ಎಂಜಿನ್‌ಗೆ ಹಸಿವಲ್ಲ, ಅಜೀರ್ಣ.

ದುರ್ಗ ಸುಮಾರು 1,200 ಮೀಟರ್ ಎತ್ತರ. ಅಲ್ಲಿ ನೀರೇ ಸುಮಾರು 96 ಡಿಗ್ರಿಗೆ ಕುದಿಯುತ್ತದೆ, ಪೆಟ್ರೋಲ್ ಕೂಡ ಊರಲ್ಲಿರುವುದಕ್ಕಿಂತ ಬೇಗ ಕುದಿಯುತ್ತದೆ. ಏರು ಹತ್ತಿ ಎಂಜಿನ್ ಕಾದಿರುತ್ತದೆ ಬೇರೆ. ಗೌರಿಬಿದನೂರಿನವರು ಹೇಳಿದ ಎಥನಾಲ್ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ನಂದಿಬೆಟ್ಟಕ್ಕೆ ಹಳೇ ಗಾಡಿ ತೆಗೆದುಕೊಂಡು ಹೋಗುವವರೂ ಇದನ್ನೇ ಅನುಭವಿಸುತ್ತಾರೆ. 1,478 ಮೀಟರ್, ಮೇಲೆ ಕ್ಯೂ, ಗಾಳಿ ಇಲ್ಲ.

ಸ್ಟಾರ್ಟ್ ಮಾಡುವ ಕ್ರಮ ಹೀಗೆ. ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಬಿಡಬೇಡಿ. ಗಾಳಿ ಹೆಚ್ಚು ಹೋಗಿ ಒಳಗಿನ ಪೆಟ್ರೋಲ್ ಒಣಗುತ್ತದೆ. ಸ್ಟಾರ್ಟ್ ಆದಾಗ ಒಂದು ಗುಕ್ಕು ಕಪ್ಪು ಹೊಗೆ ಬರುತ್ತದೆ, ಹೆದರಬೇಡಿ.

ಪದ್ಮಿನಿಯವರಿಗೆ ಒಂದು ಮಾತು. ಎಸ್‌ಯುನಲ್ಲಿ ಆಕ್ಸಿಲರೇಟರ್ ಪಂಪ್ ಇಲ್ಲ, ಎಷ್ಟು ತುಳಿದರೂ ಹೆಚ್ಚು ಪೆಟ್ರೋಲ್ ಹಾಕುವುದಿಲ್ಲ. ನಿಮ್ಮ ಸೋಲೆಕ್ಸ್ ಕಾರ್ಬುರೇಟರ್‌ನಲ್ಲಿ ಇದೆ. ಬಿಸಿ ಗಾಡಿಯಲ್ಲಿ ಪಟಪಟ ತುಳಿದರೆ ಮುಳುಗುತ್ತಿರುವವನಿಗೆ ಇನ್ನೊಂದು ಕೊಡ ನೀರು ಹೊಯ್ದ ಹಾಗೆ. ಒಮ್ಮೆ ಒತ್ತಿ ಹಾಗೇ ಹಿಡಿಯಿರಿ.

ಬಟವಾಡಿ ಮಾರ್ಕ್ 2 (ತುಮಕೂರು)

ಪರೀಕ್ಷೆ ಮಾಡಿದೆ. ನೆಲಕ್ಕೆ ಒತ್ತಿ ಹಿಡಿದರೆ ಒಂದಿಷ್ಟು ಗರಗರ ಅಂದು ಸ್ಟಾರ್ಟ್ ಆಗುತ್ತದೆ, ಹೊಗೆಯೂ ಬಂತು. ಇಡ್ಲಿ ತಿನ್ನುವಾಗ ಬಾನೆಟ್ ಎತ್ತಿಟ್ಟರೆ ಅಷ್ಟೂ ತೊಂದರೆ ಇಲ್ಲ. ಆದರೆ ಬಾನೆಟ್ ಎತ್ತಿದ ಕೂಡಲೇ ಹತ್ತು ಜನ ಬಂದು "ಏನಾಯ್ತು ಸಾರ್" ಅಂತ ಕೇಳುತ್ತಾರೆ! ಶಾಶ್ವತ ದಾರಿ ಹೇಳಿ. ಪರಿಚಯದವರೊಬ್ಬರು ಮ್ಯಾನಿಫೋಲ್ಡ್‌ಗೆ ಆಸ್‌ಬೆಸ್ಟಾಸ್ ಹಗ್ಗ ಸುತ್ತಿಕೊಡುತ್ತೇನೆ ಅಂದಿದ್ದಾರೆ.

ವೋಲ್ಟ್‌ಮೀಟರ್ ಮೇಷ್ಟ್ರು

ಆಸ್‌ಬೆಸ್ಟಾಸ್ ಬೇಡವೇ ಬೇಡ. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ. ಹಳೇ ಗಾಡಿಗಳಲ್ಲಿ ಮೊದಲೇ ಇದ್ದರೆ ಒಣಗಿದ್ದನ್ನು ಕೆರೆಯಬೇಡಿ, ಊದಬೇಡಿ.

ಕಂಡೆನ್ಸರ್ ವಿಷಯವನ್ನೂ ಪೂರ್ತಿ ಮಾಡಿಬಿಡುತ್ತೇನೆ. ಕ್ಲಿಪ್ ಮೇಲೆ ಹಾಗೇ ಓಡಿಸಬೇಡಿ. ಡಿಸ್ಟ್ರಿಬ್ಯೂಟರ್ ಒಳಗೇ ಕೂರಬೇಕು ಅನ್ನುವ ಕಾನೂನು ಇಲ್ಲ. ಕಾಯಿಲ್ ಬ್ರಾಕೆಟ್‌ನ ಬೋಲ್ಟ್‌ಗೆ ಅದರ ಕಿವಿ ಹಾಕಿ ಬಿಗಿ ಮಾಡಿ. ಬೋಲ್ಟ್ ಕೆಳಗಿನ ಬಣ್ಣ ಕೆರೆದು ಲೋಹ ಕಾಣಿಸಬೇಕು, ಇಲ್ಲದಿದ್ದರೆ ಅರ್ತ್ ಸಿಗುವುದಿಲ್ಲ. ಅಲ್ಲಿ ಗಾಳಿ ಆಡುತ್ತದೆ, ಬಿಸಿ ಕಡಿಮೆ, ಬದಲಿಸುವುದೂ ಸುಲಭ. ಹೊಸದು ಕೊಳ್ಳುವಾಗ 0.18ರಿಂದ 0.25 ಮೈಕ್ರೋಫ್ಯಾರಡ್ ಇರುವುದನ್ನು ಕೇಳಿ. ಮೀಟರ್‌ನಲ್ಲಿ ನೋಡಿ, ಆಮೇಲೆ ಹೇರ್ ಡ್ರೈಯರ್‌ನಲ್ಲಿ ಕಾಯಿಸಿ ಮತ್ತೆ ನೋಡಿ. ಅಂಕಿ ಜಿಗಿದರೆ ಅಂಗಡಿಗೇ ವಾಪಸ್. ಸುಟ್ಟ ಪಾಯಿಂಟನ್ನು ಉಜ್ಜಿ ಗ್ಯಾಪ್ ಇಟ್ಟುಕೊಳ್ಳಿ, ಬಹಳ ಗುಂಡಿ ಬಿದ್ದಿದ್ದರೆ ಬದಲಿಸಿ.

ಗೌರಿಬಿದನೂರು ಪದ್ಮಿನಿ

ಹೋಸ್ ಮರೆಯಬೇಡಿ ಮಾರಾಯ್ರೇ. ಅದು ಇವತ್ತು ಗಾಡಿ ನಿಲ್ಲಿಸದೇ ಇರಬಹುದು, ಸೀಳಿದರೆ ಬೆಂಕಿ. ಎಸ್‌ಎಇ ಜೆ30 ಆರ್9 ಅಂತ ಮೈಮೇಲೆ ಅಚ್ಚಾಗಿರುವ ಹೋಸ್ ಕೇಳಿ ತೆಗೆದುಕೊಳ್ಳಿ. ಇ20ಯಲ್ಲಿ ಆಕ್ಸಿಜನ್ ಇರುವುದರಿಂದ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಎಸ್‌ಯುನಲ್ಲಿ ಜೆಟ್ ಕೆಳಗಿನ ನಟ್ಟನ್ನು ಒಂದೆರಡು ಮುಖದಷ್ಟು ಕೆಳಗಿಳಿಸಿದರೆ ಗಟ್ಟಿಯಾಗುತ್ತದೆ. ಪ್ಲಗ್ ತುದಿ ತಿಳಿ ಕಂದು ಬಂದರೆ ಸರಿ, ಬಿಳಿಚಿಕೊಂಡಿದ್ದರೆ ಇನ್ನೂ ಬೇಕು.

ತಟ್ಟೆ ಇಡ್ಲಿ ಫ್ಯಾನ್ (ಕ್ಯಾತಸಂದ್ರ)

ಹಾಗಾದರೆ ಇಡ್ಲಿ ಕಾಯಿಲೆಗಾದರೂ ಒದ್ದೆ ಬಟ್ಟೆ ನಡೆಯುತ್ತಲ್ವಾ? ಫ್ಲೋಟ್ ಚೇಂಬರ್ ಮೇಲೆ?

ಕೆಜಿಎಫ್ ಫಿಟ್ಟರ್ (ಕೋಲಾರ)

ನಡೆಯುತ್ತದೆ, ಹಾಕಿಕೊಳ್ಳಿ! ನೀರು ಡಿಸ್ಟ್ರಿಬ್ಯೂಟರ್ ಮೇಲೆ ಬೀಳದ ಹಾಗೆ ನೋಡಿಕೊಂಡರೆ ಸಾಕು. ಕಾದ ಎಕ್ಸಾಸ್ಟ್ ಮೇಲಂತೂ ಹೊಯ್ಯಲೇಬೇಡಿ, ಬೀಡು ಸೀಳುತ್ತದೆ.

ಶಾಶ್ವತ ಕೆಲಸ ಎರಡು. ಒಂದು, ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ತಗಡಿನ ಹೀಟ್ ಶೀಲ್ಡ್. ಅಲ್ಯೂಮಿನಿಯಂ ತಗಡು ಸಾಕು, ಫ್ಲೋಟ್ ಚೇಂಬರ್ ಕೆಳಗೂ ಮಡಚಿ ಬರಬೇಕು. ಇನ್ನೊಂದು, ಅದೇ ಜಾಗಕ್ಕೆ ಬಿಸಿ ದಾಟದ ಸ್ಪೇಸರ್, ಅಂದರೆ ನಡುವೆ ಕೂರುವ ದಪ್ಪ ಬಿಲ್ಲೆ. ಬೇಕಲೈಟ್ ಅಥವಾ ಟಫ್ನಾಲ್ ಹಾಳೆಯಲ್ಲಿ ಲೇತ್‌ನವರು ಕೊರೆದುಕೊಡುತ್ತಾರೆ. ಹಳೇ ಪ್ಯಾಕಿಂಗ್ ತೆಗೆದುಕೊಂಡು ಹೋಗಿ ಅಳತೆ ಕೊಡಿ. ಶೀಲ್ಡ್‌ನ ಎರಡೂ ಕಡೆ ಪ್ಯಾಕಿಂಗ್ ಇರಬೇಕು.

ಬಟವಾಡಿ ಮಾರ್ಕ್ 2 (ತುಮಕೂರು)

ಕಂಡೆನ್ಸರ್ ಕಾಯಿಲ್ ಪಕ್ಕಕ್ಕೆ ಹೋಯಿತು. ಶಿರಾವರೆಗೆ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ಹೋಸ್ ತರಿಸಿದ್ದೇನೆ. ತಗಡು ಕತ್ತರಿಸಿಟ್ಟಿದ್ದೇನೆ. ಸ್ಪೇಸರ್ ಎಷ್ಟು ದಪ್ಪ ಮಾಡಿಸಲಿ? ದಪ್ಪ ಇದ್ದಷ್ಟೂ ಒಳ್ಳೆಯದಾ?

ಕೆಜಿಎಫ್ ಫಿಟ್ಟರ್ (ಕೋಲಾರ)

ದಪ್ಪ ಜಾಸ್ತಿಯಾದರೆ ಬೇರೆ ತಲೆನೋವು. 6 ಮಿಲಿಮೀಟರ್ ಮಾಡಿಸಿ ನೋಡಿ. ಈ ಕಾರ್ಬುರೇಟರ್ ಅಡ್ಡಕ್ಕೆ ಕೂರುವುದರಿಂದ ಸ್ಪೇಸರ್ ಹಾಕಿದಷ್ಟೂ ಹೊರಕ್ಕೆ ಬರುತ್ತದೆ, ಮೇಲಕ್ಕಲ್ಲ. ಏರ್ ಫಿಲ್ಟರ್ ಪಕ್ಕದ ಮಡ್‌ಗಾರ್ಡ್ ತಗಡಿಗೆ ತಾಗುತ್ತದಾ ನೋಡಿಕೊಳ್ಳಿ. ಸ್ಟಡ್ ಗಿಡ್ಡ ಬೀಳುತ್ತದೆ. ನಟ್ ಪೂರ್ತಿ ಹಿಡಿಯದಿದ್ದರೆ ಉದ್ದದ ಸ್ಟಡ್ ಹಾಕಿಸಿ, ನಾಲ್ಕೇ ಸುತ್ತು ಸಾಕು ಅಂತ ಬಿಡಬೇಡಿ. ಆಕ್ಸಿಲರೇಟರ್, ಚೋಕ್ ಎರಡನ್ನೂ ಪೂರ್ತಿ ಎಳೆದು ಬಿಟ್ಟು ನೋಡಿ, ಎಲ್ಲೂ ಬಿಗಿಯಬಾರದು. ಸ್ಟಾರ್ಟ್ ಮಾಡಿ ಎಂಜಿನ್ ಕಾದ ಮೇಲೆ ಆಫ್ ಮಾಡಿ, ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹೊಸ ಪ್ಯಾಕಿಂಗ್ ಮೊದಲ ಬಿಸಿಗೆ ಕೂರುತ್ತದೆ, ಆಗ ನಟ್ ಸಡಿಲವಾಗಿ ಗಾಳಿ ಎಳೆಯಲು ಶುರು ಮಾಡುತ್ತದೆ.